ಇದ್ದಲಿ ಕಂಪನಿಯ ಮಾಲಕರು

ಹಾನಗಲ್ಲಿನ ಮಾಮಲೇದಾರ ಕಚೇರಿಯಲ್ಲಿ ಕಾರಕೂನರಾಗಿ ದುಡಿದು ಪೆನ್ಶನ್ ಪಡೆದ ಮಧ್ವೇಶರಾಯರಿಗೆ ಬದುಕಿನಲ್ಲಿ ಒಂದೇ ಒಂದು ಕೊರಗಿತ್ತು. ನೌಕರಿಯುದ್ದಕ್ಕೂ ಅವರು ಬೇರೆಯವರ ಸಹಿಗಾಗಿ ಕಾಗದ ಮುಂದೆ ಹಿಡಿದರೇ ಹೊರತು, ಅವರ ಸಹಿಗಾಗಿ ಯಾರೂ ಅವರ ಮುಂದೆ ಕಾಗದ ಹಿಡಿದಿರಲಿಲ್ಲ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೊಂದು ಕಬ್ಬಿಣದ ಡ್ರಮ್ಮು ಕಟ್ಟಿಕೊಂಡು, ಅದರಲ್ಲಿ ಇದ್ದಲಿ ಉರಿಸಿ, ಆ ಗ್ಯಾಸಿನ ಮೇಲೆ ಉಸಿರು ಹಿಡಿದು ಓಡಾಡತೊಡಗಿದ್ದವು. ಇಂಥ ಹೊತ್ತಿನಲ್ಲಿ ಹಿರೇಕೆರೂರಿನ ಶ್ರೀಪಾದರಾವ್ ಎಂಬ ತರುಣನೊಬ್ಬ ರಾಯರ ಮನೆಗೆ ಬಂದು, ಜಮಖಾನೆಯ ಮೇಲೆ ಕುಳಿತು, ಒಂದು ಕಾಗದವನ್ನು ಎರಡೂ ಕೈಯಿಂದ ಅವರ ಮುಂದೆ ಹಿಡಿದು, "ರಾಯರ, ಇಲ್ಲೊಂದು ತಮ್ಮ ಸಹಿ ಬೇಕಾಗಿತ್ತು" ಎಂದ. ಅದು ಎಂಥ ಕಾಗದ ಎಂದು ಕೇಳುವ ಮೊದಲೇ ರಾಯರು ಟಾಕನ್ನು ಮಸಿಯಲ್ಲಿ ಅದ್ದಿಯಾಗಿತ್ತು.

ಹೀಗೆ ಅವರು 'ಶ್ರೀ ದುರ್ಗಾ ಗ್ಯಾಸ್ ಪ್ಲ್ಯಾಂಟ್ ಸರ್ವಿಸ್ ಕಂಪನಿ, ಹಿರೇಕೆರೂರ' ಎಂಬ ಸಂಸ್ಥೆಯ ಹತ್ತು ಶೇರುಗಳನ್ನು ಕೊಂಡರು. ಕಂಪನಿಯ ಉದ್ಯೋಗ ದೊಡ್ಡದಿತ್ತು, ಕನಿಷ್ಠ ಕಾಗದದ ಮೇಲಾದರೂ. ಬಸ್ಸುಗಳಿಗೆ ಡ್ರಮ್ಮು ಕೂಡಿಸುವುದು, ದಾರಿಯ ಊರುಗಳಲ್ಲಿ ಇದ್ದಲಿ ಒದಗಿಸುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು. ಇದಲ್ಲದೆ ಕಂಪನಿಯದೇ ಆದ ಒಂದು ಬಸ್ಸು ಹಿರೇಕೆರೂರಿನಿಂದ ಹೊರಟು ಹಾನಗಲ್, ಶಿಗ್ಗಾಂವಿಯ ಮೇಲೆ ಸವಣೂರಿಗೆ ಹೋಗುತ್ತಿತ್ತು. ಹೋಗುತ್ತಿತ್ತು ಎಂದರೆ, ಹೊರಡುತ್ತಿತ್ತು. ಮುಟ್ಟುವುದು ದೈವಕ್ಕೆ ಬಿಟ್ಟ ಮಾತು.

ಶೇರಿಗೆ ಹಾಕಿದ ಹಣ ಮಾತ್ರ ರಾಯರ ಹೆಂಡತಿ ಗೋಪಿಕಾಬಾಯಿ ಹಿತ್ತಿಲಲ್ಲಿ ಭಾವಿ ತೋಡಿಸಲೆಂದು ಕೂಡಿಟ್ಟದ್ದು. ಮನೆಯಲ್ಲಿ ನೀರಿರಲಿಲ್ಲ. ಮಗ್ಗುಲಮನೆ ಯಮುನಾಬಾಯಿಯ ಭಾವಿಯಿಂದ ತರಬೇಕಾಗುತ್ತಿತ್ತು. ಯಮುನಾಬಾಯಿ ಕೊಡಕ್ಕೊಂದು ಮಾತು ಆಡದೆ ನೀರು ಬಿಡುತ್ತಿರಲಿಲ್ಲ.

"ಎರಡು ವರ್ಷದಾಗ ರೊಕ್ಕ ಇಮ್ಮಡಿ ಆಗ್ತದ. ಆವಾಗ ಒಂದ ಯಾಕ, ಎರಡ ಭಾವಿ ತೋಡಸ್ತೇನಿ. ಒಂದು ಕುಡಿಯೋ ನೀರಿಗೆ, ಒಂದು ಬಳಸೋ ನೀರಿಗೆ" ಎಂದರು ರಾಯರು.

"ಯಮುನಾಬಾಯಿಗೂ ಒಂದು ತೋಡಿಸಿಬಿಡ್ರಿ. ಆಕಿ ಭಾವಿ ಹಳೇದಾತು" ಎಂದಳು ಗೋಪಿಕಾಬಾಯಿ, ಕೊಡ ಎತ್ತಿಕೊಳ್ಳುತ್ತ.

ಶೇರಿನ ಕಾಗದ ಬಂತು. ಅದರ ಸುತ್ತ ಬಂಗಾರದ ಬಣ್ಣದ ಬಳ್ಳಿ. ನಡುವೆ ಬಸ್ಸಿನ ಚಿತ್ರ. ಅದರ ಹಿಂದಿನ ಹೊಗೆಯನ್ನು ಚಿತ್ರಗಾರ ಕಮಲದ ಹೂವಿನಂತೆ ಬರೆದಿದ್ದ. ರಾಯರು ಅದಕ್ಕೆ ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ಲಕ್ಷ್ಮೀ ನರಸಿಂಹ ಮತ್ತು ವೆಂಕಟರಮಣನ ಪಟಗಳ ನಡುವೆ ತೂಗುಹಾಕಿದರು. ಕಸಮುಸರೆಗೆ ಬರುವ ಹೊನ್ನವ್ವ ಎರಡು ದಿನ ಅದಕ್ಕೂ ಕೈಮುಗಿದಳು. ಮೂರನೆಯ ದಿನ, "ಇದು ಯಾವ ದೇವರರೀ?" ಎಂದು ಕೇಳಿದಳು.

"ದೇವರಲ್ಲ ಅದು, ಶೇರು! ಹತ್ತು ಶೇರು!"

"ಹತ್ತು ಸೇರ? ಜ್ವಾಳಾನೋ ಅಕ್ಕೀನೋ?" ಎಂದು ಹೊನ್ನವ್ವ ಕಟ್ಟಿನ ಹಿಂದೆ ಹಣಿಕಿ ನೋಡಿದಳು.

ಇದನ್ನೆಲ್ಲ ಬಿಡಿಸಿ ಹೇಳುವ ತಾಳ್ಮೆ ರಾಯರಿಗಿರಲಿಲ್ಲ. "ಬಸ್ಸಿನ ಮಾಲಕ ಅಂತ ತಿಳಕೋ" ಎಂದುಬಿಟ್ಟರು. ಮುಂದಿನ ಅನರ್ಥಕ್ಕೆಲ್ಲ ಈ ಒಂದು ಮಾತು ಸಾಕಾಯಿತು. ಹೊನ್ನವ್ವ ಆರು ಮನೆಯ ಮುಸರೆ ತಿಕ್ಕುವವಳು. ಮಧ್ಯಾಹ್ನದೊಳಗಾಗಿ ಆರು ಮನೆಗಳಿಗೂ, ಸಂಜೆಯೊಳಗಾಗಿ ಪೇಟೆಗೂ ರಾಯರು ಬಸ್ಸು ಕೊಂಡ ಸುದ್ದಿ ಮುಟ್ಟಿತು. ಬಸ್ಸಿನ ಡ್ರೈವರ ಮುನಾಫನಂತೂ ಅವರನ್ನು ಕಂಡೊಡನೆ ಬೀಡಿ ಚೆಲ್ಲಿ, "ಸಲಾಮ್ರೀ ಮಾಲಕರ!" ಎಂದು, ಕೂತವರೊಬ್ಬರನ್ನು ಎಬ್ಬಿಸಿ ಮುಂದಿನ ಸೀಟು ಕೊಟ್ಟ. ರಾಯರು ತಿದ್ದಲಿಲ್ಲ. ತಿದ್ದುವುದು ಸೌಜನ್ಯವಲ್ಲ ಎಂದು ಅವರಿಗೆ ತೋರಿತು.

ಮಾಲಕತನದ ಸುಖ ಒಂದು ಬೇಸಿಗೆಯವರೆಗೆ ಬಾಳಿತು. ಆಮೇಲೆ ಕಂಪನಿಗೆ ಏದುಸಿರು ಹತ್ತಿತು. ಡ್ರಮ್ಮುಗಳು ಬಿರುಕು ಬಿಟ್ಟವು. ಇದ್ದಲಿಯಲ್ಲಿ ಮಣ್ಣು ಬರತೊಡಗಿತು. ಬೇರೆ ಬಸ್ಸಿನವರು ರಿಪೇರಿಗೆಂದು ಬಿಟ್ಟ ಡ್ರಮ್ಮುಗಳನ್ನು ರಿಪೇರಿಯಿಲ್ಲದೆ ವಾಪಸು ಒಯ್ದರು. ಇನ್ನು ಸ್ವಂತ ಬಸ್ಸಿನ ಕಥೆ: ಏರು ಬಂದರೆ ಜನ ಇಳಿಯಬೇಕು, ಇಳಿದವರು ನೂಕಬೇಕು, ನೂಕಿದವರ ಮೋರೆಗೆ ಮಸಿ ಹತ್ತಬೇಕು. ಟಿಕೆಟ್ಟಿನ ರೊಕ್ಕ ಕೊಟ್ಟು ನೂಕಿದವರು ಸುಮ್ಮನೆ ಇರುವರೆ? ಹಾನಗಲ್ಲಿನಲ್ಲಿ ಇಳಿದವರು ನೆಟ್ಟಗೆ ರಾಯರ ಮನೆಗೆ ಬರತೊಡಗಿದರು. ಒಬ್ಬನ ಕೊಡೆ ಬಸ್ಸಿನಲ್ಲಿ ಉಳಿದಿತ್ತು. ಒಬ್ಬನಿಗೆ ಕೋರ್ಟಿನ ತಾರೀಖು ತಪ್ಪಿತ್ತು. ದುಂಡಸಿಯ ಬೀಗರಿಬ್ಬರು ಹೆಣ್ಣು ನೋಡಲು ಹೊರಟವರು, ಕರಿ ಮೋರೆ ಹೊತ್ತು ಹೋದದ್ದರಿಂದ ಹೆಣ್ಣಿನವರೇ ಒಲ್ಲೆ ಅಂದರಂತೆ. ರಾಯರು ಎಲ್ಲರಿಗೂ ಚಹಾ ಕೊಡಿಸಿ, "ಯುದ್ಧ ಮುಗೀಲಿ, ನೋಡೋಣ" ಎಂದು ಸಮಾಧಾನ ಹೇಳಿ ಕಳಿಸುತ್ತಿದ್ದರು. ಯುದ್ಧ ತಮ್ಮ ಕೈಯಲ್ಲೇ ಇದೆ ಎಂಬಂತಿರುತ್ತಿತ್ತು ಆ ಧ್ವನಿ.

ಇಷ್ಟಾದರೂ ನಡೆದೀತು. ಆದರೆ ಒಂದು ದಿನ ಯಮುನಾಬಾಯಿ ಶಿಗ್ಗಾಂವಿಯಲ್ಲಿ ತನ್ನ ತಂಗಿಯ ಮನೆಯ ಅರಿಷಿಣ ಕುಂಕುಮಕ್ಕೆಂದು ಹೊಸ ಇಲಕಲ್ ಸೀರೆ ಉಟ್ಟು ಇದೇ ಬಸ್ಸು ಹತ್ತಿದಳು. ಹಿಂದಿನ ಕಿಟಕಿಯ ಹತ್ತಿರ ಕುಳಿತಳು. ಡ್ರಮ್ಮಿನಿಂದ ಹಾರಿದ ಕಿಡಿಗಳು ಸೆರಗಿನ ಮೇಲೆ ಬಿದ್ದವು. ಮರುದಿನ ಅವಳು ರಾಯರ ಪಡಸಾಲೆಯಲ್ಲಿ ನಿಂತು ಸೆರಗನ್ನು ಬೆಳಕಿಗೆ ಹಿಡಿದಳು. ಅದು ಜರಡಿಯಾಗಿತ್ತು.

"ನೋಡ್ರಿ ಮಾಲಕರ, ನಿಮ್ಮ ಬಸ್ಸಿನ ಪ್ರತಾಪ! ಕುಂಕುಮಕ್ಕ ಬಂದ ಹೆಂಗಸರೆಲ್ಲಾ ನನ್ನ ಸೆರಗಿನ್ಯಾಗಿಂದ ಒಬ್ಬರ ಮಾರಿ ಒಬ್ಬರು ನೋಡಿದ್ರು!"

"ಯಮುನಾಬಾಯಾರ, ನಾ ಅಂದ್ರ ಬರೇ ಶೇರುದಾರ..."

"ಸೇರು ಅಡಿಸೇರು ನನಗ ಗೊತ್ತಿಲ್ಲ. ಊರೆಲ್ಲಾ ಮಾಲಕರು ಅಂತದ. ಮುಂದಿನ ಸೀಟಿನ್ಯಾಗ ಕೂಡೋವಾಗ ಮಾಲಕರು, ಸೀರಿ ಸುಟ್ಟಾಗ ಶೇರುದಾರರೇನು?" ಎಂದವಳೇ ಗೋಪಿಕಾಬಾಯಿಯತ್ತ ತಿರುಗಿ, "ವೈನಿ, ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ. ಆದರ ಸೀರಿ ಬರೋತನಕಾ ಹಿತ್ತಲ ಬಾಗಲಾ ತಗಿಯಂಗಿಲ್ಲ" ಎಂದು ಹೇಳಿ ಹೊರಟುಹೋದಳು. ಸ್ವಲ್ಪ ಹೊತ್ತಿಗೆ ಹಿತ್ತಿಲ ಬಾಗಿಲಿಗೆ ಅಗಳಿ ಬಿದ್ದ ಸಪ್ಪಳ ಕೇಳಿಸಿತು.

ಗೋಪಿಕಾಬಾಯಿ ಅತ್ತವಳಲ್ಲ, ಬೈದವಳೂ ಅಲ್ಲ. ತಾಮ್ರದ ಕೊಡ ತಂದು ಗಂಡನ ಮುಂದೆ ಇಟ್ಟಳು.

"ಆ ಕಾಗದಾ ಮಾರ್ರಿ. ಬಂದಷ್ಟರಾಗ ಭಾವಿ ತೋಡಸೋಣ. ಮಾರೋದಿಲ್ಲಾ ಅಂದ್ರ ಆನಿಕೆರಿಯಿಂದ ನೀವ ನೀರ ತರ್ರಿ. ಎರಡರಾಗ ಯಾವುದರೆ ಒಂದ ಆರಿಸಿಕೋರ್ರಿ."

ಮಾರಬೇಕೋ, ಇಟ್ಟುಕೊಳ್ಳಬೇಕೋ? ಕಚೇರಿಯ ಕಾಲದಿಂದಲೂ ರಾಯರಿಗೆ ಒಂದು ನಿರ್ಣಯಕ್ಕೆ ಬರುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಈಗ ಮಾರಿದರೆ ಹತ್ತು ರೂಪಾಯಿಯ ಶೇರಿಗೆ ಮೂರು ಬಂದರೆ ಹೆಚ್ಚು. ಮಾರಿದ ಮರುದಿನವೇ ಏರಿದರೆ? ಮಾರದೆ ಇದ್ದು, ಅದೂ ಹೋದರೆ? ಅದಲ್ಲದೆ ಮಾಲಕನೇ ಮಾರಿದ ಎಂದು ತಿಳಿದರೆ ಊರು ಏನಂದೀತು? ಬೆಳಗಿನ ಸ್ನಾನಕ್ಕೆ ಕೂತಾಗ ಮಾರಬೇಕು ಎನಿಸುತ್ತಿತ್ತು. ಮೈ ಒರೆಸಿಕೊಳ್ಳುವಾಗ ಇರಲಿ ಎನಿಸುತ್ತಿತ್ತು. ಆ ಸ್ನಾನದ ನೀರನ್ನು ಮಾತ್ರ ಅವರೇ ಹೊತ್ತು ತರುತ್ತಿದ್ದರು. ಬಿಸಿಲೇರುವ ಮೊದಲು ಮೋರೆಗೆ ಪಂಚೆ ಸುತ್ತಿಕೊಂಡು ಕೆರೆಗೆ ಹೋಗುವರು. ದಾರಿಯಲ್ಲಿ ಕಂಡವರೆಲ್ಲ ಪಂಚೆಯೊಳಗಿನ ಮೋರೆಗೆ, "ಏನ್ರೀ ಮಾಲಕರ, ನೀರಿಗೇನು?" ಎಂದು ಕೇಳುವರು. ಒಂದು ವಾರದಲ್ಲಿ ಹೆಗಲು ಬಾತುಕೊಂಡಿತು. ಮನಸ್ಸು ಮಾಡದ ನಿರ್ಣಯವನ್ನು ಹೆಗಲು ಮಾಡಿತು: ಮಾರುವುದು.

ಕೊಳ್ಳುವ ಮನುಷ್ಯನೂ ಹೊಳೆದ. ಸವಣೂರಿನ ಗೌಸಸಾಬ. ಕಟ್ಟಿಗೆ, ಇದ್ದಲಿ, ಹಳೆ ಕಬ್ಬಿಣದ ವ್ಯಾಪಾರಿ. ಕಂಪನಿಗೆ ಇದ್ದಲಿ ಹಾಕುವವನೂ ಅವನೇ. ಬಲ್ಲಿದ, ಇಂಥವನಿಗೆ ಹತ್ತು ಶೇರು ಯಾವ ಲೆಕ್ಕ? ರಾಯರು ಗುಟ್ಟಾಗಿ ಹೋಗಿ ಗುಟ್ಟಾಗಿ ಮಾರಿ ಬರುವುದೆಂದು ನಿಶ್ಚಯಿಸಿ, ಕಾಗದವನ್ನು ಕಟ್ಟಿನಿಂದ ಬಿಡಿಸಿ ಚೀಲದಲ್ಲಿಟ್ಟುಕೊಂಡು, ಆ ತಿಂಗಳ ಪೆನ್ಶನ್ ಕಿಸೆಯಲ್ಲಿಟ್ಟುಕೊಂಡು ಹೊರಟರು. ಬರುವಾಗ ಶಿಗ್ಗಾಂವಿಯ ಪೇಟೆಯಲ್ಲಿ ಕಿರಾಣಿ ಸಾಮಾನು ತರಬೇಕೆಂದು ಗೋಪಿಕಾಬಾಯಿ ಯಾದಿ ಕೊಟ್ಟಿದ್ದಳು.

ಗುಟ್ಟು ಹಾನಗಲ್ಲಿನ ಬಸ್ ನಿಲ್ದಾಣ ದಾಟಲಿಲ್ಲ.

"ಎಲ್ಲಿಗ್ರೀ ಮಾಲಕರ?" ಎಂದ ಮುನಾಫ.

"ಸವಣೂರಿಗೆ. ಗೌಸಸಾಬನ ಕಡೆ. ಒಂಚೂರು ಕಂಪನಿ ಕೆಲಸ."

ಮುನಾಫ ಹಿಂದೆ ತಿರುಗಿ, ಡ್ರಮ್ಮಿನ ಬೆಂಕಿ ಊದುವ ಪಂಖ ತಿರುವುತ್ತಿದ್ದ ಕ್ಲೀನರನಿಗೆ ಕೇಳಿಸಲೆಂದು ದೊಡ್ಡದಾಗಿ ಕೂಗಿದ: "ಜೋರ ತಿರುವಲೇ! ಮಾಲಕರು ಕಂಪನಿ ಕೆಲಸಕ್ಕ ಹೊಂಟಾರ!" ಬಸ್ಸಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಮೊದಲ ಏರಿನಲ್ಲಿ ಇಳಿದು ನೂಕುವಾಗ ಅದೇ ಮಾತು ಬೆಳೆಯಿತು. ಮಾಲಕರು ಸ್ವತಃ ಹೊರಟಾರೆಂದರೆ ಏನೋ ಇರಬೇಕು. ಮಿಲಿಟರಿಯವರು ಡ್ರಮ್ಮು ಕೇಳಿರಬೇಕು. ಎರಡನೆಯ ಏರಿನ ಹೊತ್ತಿಗೆ ಮಿಲಿಟರಿಯವರು ಇನ್ನೂರು ಡ್ರಮ್ಮು ಕೇಳಿಯಾಗಿತ್ತು. ರಾಯರು ಮುಂದಿನ ಸೀಟಿನಲ್ಲಿ ಚೀಲ ಅವಚಿಕೊಂಡು ಕೂತಿದ್ದರು. ಮಾಲಕರು ಇಳಿಯುವುದು ಬೇಡವೆಂದು ಜನ ಅವರನ್ನೂ ಕೂಡಿಸಿಯೇ ನೂಕಿದರು.

ಶಿಗ್ಗಾಂವಿಯಲ್ಲಿ ಬಸ್ಸು ಇದ್ದಲಿ ತುಂಬಿಸಿಕೊಳ್ಳಲು ನಿಂತಿತು. ನಿಲ್ದಾಣದ ಎದುರಿನ ಚಹಾದಂಗಡಿಯ ರಾಘಣ್ಣ ಕೂಡ ಕಂಪನಿಯ ಐದು ಶೇರು ಕೊಂಡು ಪಶ್ಚಾತ್ತಾಪ ಪಡುತ್ತಿದ್ದವ. ಅವನು ರಾಯರ ಮುಂದೆ ಬಸಿಯೊಡನೆ ಕಪ್ಪು ಇಟ್ಟು, ಕಿವಿಯ ಹತ್ತಿರ ಬಾಗಿ ಕೇಳಿದ: "ರಾಯರ, ಖರೇ ಹೇಳ್ರಿ. ಶೇರು ಮಾರಾಕ ಹೊಂಟೀರೇನು?"

ಕೇಳಿದ್ದು ಕಿವಿಯಲ್ಲಾದರೂ ಅಂಗಡಿಯಲ್ಲಿದ್ದ ಎಂಟು ಜನರೂ ಕಪ್ಪು ಕೆಳಗಿಟ್ಟರು. ರಾಯರು ಚೀಲವನ್ನು ತೊಡೆಯ ಕೆಳಗೆ ಸರಿಸಿದರು.

"ಮಾರೋದು? ಮಾಲಕ ಎಲ್ಲೆರೆ ತನ್ನ ಕಂಪನಿ ತಾನ ಮಾರತಾನೇನು?"

"ಹಂಗಾರ ಕೊಳ್ಳಾಕ!"

ರಾಯರು ಇಲ್ಲ ಎನ್ನಬೇಕಿತ್ತು. ಆದರೆ ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ ಎಂದರೆ ಸವಣೂರಿಗೆ ಯಾಕೆ ಹೊರಟಿರಿ ಎಂಬ ಪ್ರಶ್ನೆ ಹುಟ್ಟುತ್ತದೆ. ಆದ್ದರಿಂದ ಅವರು ಮೇಲೆ ನೋಡುತ್ತ, "ನೋಡೋಣ" ಎಂದರು.

ರಾಘಣ್ಣ ಒಂದೇ ನೆಗೆತಕ್ಕೆ ಒಳಗೆ ಹೋಗಿ, ಸಕ್ಕರೆ ಡಬ್ಬಿಯ ಕೆಳಗಿನಿಂದ ತನ್ನ ಕಾಗದವನ್ನು ಕಿತ್ತು ತಂದ. ಅದಕ್ಕೆ ಪಾಕ ಮೆತ್ತಿ ಇರುವೆ ಹತ್ತಿದ್ದವು. "ಮೊದಲ ನನ್ನವು ತೊಗೋರ್ರಿ. ಗುರುತಿನ ಮಂದೀ ಕಡೆ ಕೊಳ್ಳೋದು ಬಿಟ್ಟು ಸವಣೂರಿಗೆ ಯಾಕ? ನಾಕು ರೂಪಾಯಿಗೊಂದು. ನಿಮ್ಮ ಮೋತಿ ನೋಡಿ ಕೊಡಾಕತ್ತೇನಿ, ಮತ್ತೊಬ್ಬರಿಗೆ ಆಗಿದ್ರ ಕೊಡ್ತಿದ್ದಿಲ್ಲ!"

ಎಂಟು ಜನ ನೋಡುತ್ತಿದ್ದರು. ಕಿರಾಣಿ ಸಾಮಾನಿನ ರೊಕ್ಕ ರಾಘಣ್ಣನ ಗಲ್ಲೆಗೆ ಬಿತ್ತು. ರಾಯರು ಇರುವೆಗಳನ್ನು ಕೊಡವಿ ಕಾಗದವನ್ನು ಚೀಲಕ್ಕೆ ಸೇರಿಸಿದರು. ಚಹಾದ ರೊಕ್ಕವನ್ನು ಮಾತ್ರ ರಾಘಣ್ಣ ತೆಗೆದುಕೊಳ್ಳಲಿಲ್ಲ.

ಸವಣೂರಿನಲ್ಲಿ ಗೌಸಸಾಬನ ವಖಾರ ಊರ ಹೊರಗಿತ್ತು. ಒಂದು ಕಡೆ ಇದ್ದಲಿಯ ಗುಡ್ಡ, ಇನ್ನೊಂದು ಕಡೆ ತುಕ್ಕು ಹಿಡಿದ ಗಾಲಿ, ಕೊಪ್ಪರಿಗೆ, ಗಾಣದ ಸಾಮಾನು. ಮುನಾಫ ರಾಯರಿಗಿಂತ ಮುಂದೆ ಓಡಿಹೋಗಿ ಸುದ್ದಿ ಮುಟ್ಟಿಸಿದ್ದ. ಗೌಸಸಾಬ ಬಾಗಿಲಲ್ಲೇ ಎದುರುಗೊಂಡ. "ಬರ್ರಿ ಬರ್ರಿ ರಾಯರ, ತಶರೀಫ್ ಇಡ್ರಿ! ನಮ್ಮ ನಸೀಬ!" ಎಂದು ತಕಿಯಾ ಸರಿಸಿ ಕೂಡಿಸಿ, ಸವಣೂರಿನ ಎಳೆಯ ಎಲೆಗಳ ಕವಳಿಗೆಯನ್ನು ಮುಂದಿಟ್ಟ. ಇಂಥ ಉಪಚಾರವನ್ನು ರಾಯರು ತಮ್ಮ ಲಗ್ನದಲ್ಲೂ ಕಂಡಿರಲಿಲ್ಲ.

ಬಸ್ಸಿನುದ್ದಕ್ಕೂ ಅವರು ಒಂದು ಮಾತನ್ನು ತಾಲೀಮು ಮಾಡಿಕೊಂಡು ಬಂದಿದ್ದರು. ಮಾರುವವನ ದೈನ್ಯ ಅದರಲ್ಲಿ ಕಾಣಬಾರದು. ಎಲೆಗೆ ಸುಣ್ಣ ಸವರುತ್ತ ಗಂಭೀರವಾಗಿ ಅಂದರು: "ಗೌಸಸಾಬರ, ಶೇರಿನ ವ್ಯವಹಾರ ಇವತ್ತ ಮುಗಿಸಿಬಿಡೋಣ ಅಂತ ಬಂದೇನಿ."

"ಮುಗಿಸಿಬಿಡೋಣ್ರಿ! ನಾನೂ ಅದನ್ನ ಬೇಡಕೊಳ್ಳಾಕತ್ತಿದ್ದೆ."

"ನಾನೇನು ಹೆಚ್ಚು ಜಗ್ಗಾಡೋ ಮನುಷ್ಯಾ ಅಲ್ಲ. ನೀವು ಹೇಳಿದ್ದ ರೇಟು."

"ಯಾ ಅಲ್ಲಾ! ಮಾಲಕರಂದ್ರ ಹಿಂಗಿರಬೇಕು!" ಎಂದು ಗೌಸಸಾಬ ಎದೆಯ ಮೇಲೆ ಕೈಯಿಟ್ಟುಕೊಂಡ. "ಐದು ರೂಪಾಯಿ ಹಚ್ಚೋಣ್ರಿ. ನಿಮಗೂ ಬ್ಯಾಡ, ನನಗೂ ಬ್ಯಾಡ."

ರಾಯರ ಎದೆ ಹಿಗ್ಗಿತು. ಮೂರು ಬಂದರೆ ಹೆಚ್ಚೆಂದುಕೊಂಡವರಿಗೆ ಐದು! "ಒಪ್ಪಿಗಿ" ಎಂದು ಕೈ ಮುಂದೆ ಮಾಡಿದರು. ಗೌಸಸಾಬ ಎರಡೂ ಕೈಯಿಂದ ಆ ಕೈ ಹಿಡಿದು ಕುಲುಕಿ, ಎದ್ದುಹೋಗಿ, ಒಂದು ಟ್ರಂಕಿನಿಂದ ಕಾಗದದ ಪೆಂಡಿಯನ್ನು ತಂದು ಅವರ ಮಡಿಲಿಗೆ ಇಟ್ಟ. ಬಂಗಾರದ ಬಳ್ಳಿ, ಕಮಲದ ಹೊಗೆ. ನೂರು ಶೇರು!

"ಇದ್ದಲಿ ರೊಕ್ಕದ ಬದಲಿ ನಿಮ್ಮ ಶ್ರೀಪಾದರಾವ್ ಇವನ್ನ ಕೊಡಕೋತ ಬಂದ್ರು. ನಾ ಇದ್ದಲಿ ಕೊಟ್ಟೆ, ಅವರು ಕಾಗದ ಕೊಟ್ರು. ಒಲಿ ಹಚ್ಚಾಕರೆ ಬರ್ತಾವಂತ ಇಟ್ಟಿದ್ದೆ. ನೀವು ದೇವರು ಬಂದಂಗ ಬಂದ್ರಿ. ರೊಕ್ಕಕ್ಕ ಅವಸರ ಇಲ್ರಿ, ಸುಗ್ಗಿ ಮುಗಿದ ಮ್ಯಾಲೆ ಬರ್ತೇನಿ."

ರಾಯರ ಬಾಯಲ್ಲಿ ಎಲೆಯಡಿಕೆ ಹಾಗೇ ನಿಂತಿತು. "ನಾ ಕೊಳ್ಳಲಿಕ್ಕೆ ಬಂದಿದ್ದಿಲ್ಲ" ಎಂದು ಹೇಳುವುದಕ್ಕೆ ಅದನ್ನು ಉಗುಳಬೇಕು. ಉಗುಳುವುದಕ್ಕೆ ಹೊರಗೆ ಹೋಗಬೇಕು. ಅವರು ಹೊರಗೆ ಹೋಗಿ ಉಗುಳಿ ಬರುವಷ್ಟರಲ್ಲಿ ಗೌಸಸಾಬ ಅಂಗಳದಲ್ಲಿದ್ದವರಿಗೆಲ್ಲ ಸೌದಾ ಕುದುರಿದ್ದನ್ನು ಸಾರಿ, ಬೆಲ್ಲ ಹಂಚತೊಡಗಿದ್ದ. ಹತ್ತು ಶೇರು ಮಾರಲು ಹೋದ ಮಧ್ವೇಶರಾಯರು ನೂರಾ ಹದಿನೈದು ಶೇರು ಹೊತ್ತು ತಿರುಗಿ ಬಂದರು. ಬರುವಾಗ ಏರಿನಲ್ಲಿ ಅವರೂ ಇಳಿದು ನೂಕಿದರು. ಯಾರೂ ಬೇಡವೆನ್ನಲಿಲ್ಲ; ಅವರಿಗೇ ಕೂರಲು ಧೈರ್ಯವಾಗಲಿಲ್ಲ.

ಗೋಪಿಕಾಬಾಯಿ ಚೀಲವನ್ನು ಸುರುವಿ ನೋಡಿದಳು. ಬೇಳೆಯಿಲ್ಲ, ಸಾಸಿವೆಯಿಲ್ಲ, ಬೆಲ್ಲವಿಲ್ಲ. ಬರೀ ಬಸ್ಸಿನ ಚಿತ್ರಗಳು. ಒಂದಿಷ್ಟು ಇರುವೆ.

"ಮಾರಿ ಬಂದ್ರೇನು?" ಎಂದಳು.

"ಮಾರೋ ವಿಚಾರ ಇತ್ತು. ಆದರ ಅಲ್ಲೆ ಹೋದ ಮ್ಯಾಲೆ ಪರಿಸ್ಥಿತಿ ನೋಡಿ..."

"ಕೊಂಡು ಬಂದ್ರಿ."

"ಒಂದಿಷ್ಟು."

ಅವಳು ಕೊಡದ ಪಕ್ಕದಲ್ಲಿ ಇನ್ನೊಂದು ಕೊಡ ತಂದಿಟ್ಟಳು.

ಇದಾಗಿ ಕೆಲವು ದಿನಗಳ ಮೇಲೆ, ಮಧ್ಯಾಹ್ನದ ಹೊತ್ತು ರಾಯರ ಓಣಿಯಲ್ಲಿ ಭಾರೀ ಗದ್ದಲವೆದ್ದಿತು. ಎರಡು ಜೋಡಿ ಎತ್ತು ಹೂಡಿ ಕಂಪನಿಯ ಬಸ್ಸನ್ನು ಎಳೆದು ತರುತ್ತಿದ್ದರು. ಒಳಗೆ ಮುನಾಫ ಚಕ್ರ ಹಿಡಿದು ಕೂತಿದ್ದ. ಮುಂದೆ ಸೆಕ್ರೆಟರಿ ಶ್ರೀಪಾದರಾವ್ ನಡೆದು ಬರುತ್ತಿದ್ದ. ಓಣಿ ಸಣ್ಣದು, ಬಸ್ಸು ದೊಡ್ಡದು. ಅದು ರಾಯರ ಕಟ್ಟೆಗೆ ಮೂತಿ ಹಚ್ಚಿ, ಡ್ರಮ್ಮಿನ ಭಾಗವನ್ನು ಯಮುನಾಬಾಯಿಯ ಬಾಗಿಲಿಗೆ ಸರಿಯಾಗಿ ಅಡ್ಡ ಇಟ್ಟು ನಿಂತಿತು.

ಶ್ರೀಪಾದರಾವ್ ಮೊದಲಿನಂತೆಯೇ ಎರಡೂ ಕೈಯಿಂದ ಕಾಗದ ಹಿಡಿದ. "ರಾಯರ, ಅರ್ಧಕ್ಕಿಂತ ಹೆಚ್ಚು ಶೇರು ಈಗ ನಿಮ್ಮ ಕಡೆ ಅವ. ಕಾಯ್ದೆ ಪ್ರಕಾರ ಇನ್ನ ಕಾರಭಾರ ನಿಮ್ಮದ. ನನಗ ಪುಣೇದಾಗ ನೌಕರಿ ಹತ್ತೇದ. ಇದು ಕಂಪನಿ ಶಿಕ್ಕಾ, ಕಾಗದದ ಮ್ಯಾಲೆ ಒತ್ತಲಿಕ್ಕೆ. ಇದು ಪಂಖಾ ತಿರುವೋ ಹ್ಯಾಂಡಲ್. ಗಾಡಿ ನಿನ್ನೆ ನಿಂತದ, ಡ್ರಮ್ ಪೂರಾ ಒಡದದ. ಇಲ್ಲೊಂದು ಸಹಿ ಮಾಡ್ರಿ."

ಓಣಿಯೆಲ್ಲ ನೆರೆದಿತ್ತು. ರಾಯರು ಹ್ಯಾಂಡಲ್ಲನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯಿಂದ ಸಹಿ ಮಾಡಿದರು. ಅಕ್ಷರ ಚಂದವಿತ್ತು. ಶ್ರೀಪಾದರಾವ್ ಅದನ್ನು ಊದಿ ಒಣಗಿಸಿ, ಪೇಟೆಯತ್ತ ಹೊರಟು, ಬೇರೆ ಕಂಪನಿಯ ಬಸ್ಸು ಹತ್ತಿ ಹೋದ.

"ಮಾಲಕರ, ನಂದು ಪಗಾರ?" ಎಂದ ಮುನಾಫ, ಕಿಟಕಿಯಿಂದ.

ಬಸ್ಸಿನ ಆಚೆ ಬದಿಯಿಂದ ಯಮುನಾಬಾಯಿಯ ಧ್ವನಿ ಬಂತು. ಆಕೆ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಡ್ರಮ್ಮಿನೊಳಗಿಂದ ಬಂದಂತೆ ಗುಂಯ್‌ಗುಡುತ್ತಿತ್ತು. "ಅಯ್ಯ, ನಾ ಹೊರಗ ಹ್ಯಾಂಗ ಬರ್ಲಿ? ರಾಯರ! ನನ್ನ ಬಾಗಲದಾಗಿಂದ ನಿಮ್ಮ ಬಸ್ಸ ತಗೀರಿ!"

"ನಿಮ್ಮ ಹಿತ್ತಲ ಬಾಗಲಾ ಐತಲ್ರೀ ಬಾಯಾರ, ಅದನ್ನ ತಗೀರಿ!" ಎಂದು ಮುನಾಫ ಮುಗ್ಧವಾಗಿ ಉಪಾಯ ಹೇಳಿದ.

ಹೀಗೆ ಹಿತ್ತಿಲ ಬಾಗಿಲಿನ ಅಗಳಿ ಸರಿಯಿತು. ಆದರೆ ಸೀರೆಯ ಬಾಕಿ ತೀರುವ ತನಕ ಗೋಪಿಕಾಬಾಯಿ ಆ ಭಾವಿಯತ್ತ ತಿರುಗಿಯೂ ನೋಡಲಿಲ್ಲ. ಯಮುನಾಬಾಯಿ ದಿನವೂ ರಾಯರ ಹಿತ್ತಿಲ ಹಾದು, ಅವರ ಪಡಸಾಲೆಯಲ್ಲಿ ಹೊರಬಿದ್ದು ಗುಡಿಗೆ ಹೋಗಿಬರತೊಡಗಿದಳು. ಮುನಾಫ ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದ, ಕಟ್ಟೆಯ ಮೇಲೆ ಉಣ್ಣುತ್ತಿದ್ದ. ಪಗಾರ ಸಿಗದೆ ಊರಿಗೆ ಹೋದರೆ ಹೆಂಡತಿ ಕುಲಸುಮಬಿ ಮನೆಯೊಳಗೆ ಬಿಡುವುದಿಲ್ಲವೆಂದು ಅವನು ಹೇಳಿದ್ದ. ರಾಯರು ಬೆಳಿಗ್ಗೆ ಎದ್ದು ಬಸ್ಸು ನೋಡುವರು, 'ಮಾರಿಬಿಡಬೇಕು' ಎನ್ನುವರು. ಸಂಜೆ ಬಸ್ಸಿಗೆ ಒರಗಿ ನಿಂತು, 'ಸ್ವಂತದ್ದೊಂದು ಗಾಡಿ' ಎಂದು ನಿಟ್ಟುಸಿರು ಬಿಡುವರು.

ಸುಗ್ಗಿ ಮುಗಿಯಿತು. ಹೇಳಿದಂತೆ ಗೌಸಸಾಬ ಟಾಂಗಾ ಮಾಡಿಕೊಂಡು ಬಂದ. ರಾಯರು ದೂರದಿಂದಲೇ ಅವನನ್ನು ಕಂಡು, ಮಡಿಯುಟ್ಟು ದೇವರ ಕೋಣೆ ಸೇರಿ ಜಪಕ್ಕೆ ಕುಳಿತುಬಿಟ್ಟರು. ಗೋಪಿಕಾಬಾಯಿ ಬಸ್ಸಿನ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅಕ್ಕಿಯ ಹರಳು ಆರಿಸುತ್ತಿದ್ದಳು. ಬೆಳಕು ಅಲ್ಲಿಯೇ ಚೆನ್ನಾಗಿ ಬೀಳುತ್ತಿತ್ತು.

"ಸಲಾಮ್ರೀ ಅಕ್ಕಾರ. ರಾಯರ ಅದಾರೇನ್ರಿ?"

"ಅದಾರ. ಜಪಕ್ಕ ಕೂತಾರ. ಲಗೂನ ಏಳೂದಿಲ್ಲ."

"ಆ ಶೇರಿನ ರೊಕ್ಕದ ಮಾತಿತ್ರಿ."

"ಕೊಡ್ತಾರಲ್ಲ. ಗಾಡಿ ಮಾರಿದ ಮ್ಯಾಲೆ ಮೊದಲ ನಿಮ್ಮದ."

"ಗಾಡಿ ಯಾವಾಗ ಮಾರತಾರ್ರಿ?"

"ಮಾರೂದಿಲ್ಲ" ಎಂದಳು ಗೋಪಿಕಾಬಾಯಿ, ಒಂದು ಹರಳನ್ನು ಎಸೆದು.

ಗೌಸಸಾಬ ಬಂದದ್ದು ರೊಕ್ಕಕ್ಕೆ. ಬಾಕಿ ಮುಳುಗಿದರೆ ಈ ಹಳೆ ಕಬ್ಬಿಣವನ್ನಾದರೂ ಕೈಮುಗಿದು ಕೊಟ್ಟಾರೆಂದು ಅವನ ಎಣಿಕೆ. ಮಾರುವುದಿಲ್ಲ ಎಂಬ ಮಾತು ಅವನ ವ್ಯಾಪಾರಿ ಜೀವಕ್ಕೆ ಮುಳ್ಳಿನಂತೆ ಚುಚ್ಚಿತು. ಕೆಟ್ಟು ನಿಂತ ಬಸ್ಸನ್ನು ಮಾರುವುದಿಲ್ಲವೆಂದರೆ? ಬಸ್ಸಿನ ಜನ ಹಬ್ಬಿಸಿದ ಮಿಲಿಟರಿಯ ಸುದ್ದಿ ಅವನಿಗೆ ನೆನಪಾಯಿತು.

"ಯಾರರೆ ಬಂದು ಕೇಳ್ಯಾರೇನ್ರಿ?"

"ಹೆಂಗಸರಿಗೇನ ತಿಳೀತದ್ರಿ ಈ ವ್ಯವಹಾರ. ಮಾರಬ್ಯಾಡಾ ಅಂತ ಒಂದ ಸವನ ಅಂತಿರ್ತಾರ." ಇದು ಸುಳ್ಳಲ್ಲ, ಸಂಜೆಯ ಹೊತ್ತು ರಾಯರು ಹಾಗೆಯೇ ಅನ್ನುತ್ತಿದ್ದರು.

ಗೌಸಸಾಬ ಬಸ್ಸಿನ ಸುತ್ತ ಒಂದು ಸುತ್ತು ಹಾಕಿದ. ಡ್ರಮ್ಮನ್ನು ಬೆರಳಿಂದ ಬಡಿದ. ಬಾನೆಟ್ಟು ಎತ್ತಿ ಇಂಜಿನ್ನು ನೋಡಿದ. ಮುನಾಫನನ್ನು, "ಇಂಜಿನ್ ಹ್ಯಾಂಗೈತಲೇ?" ಎಂದು ಕೇಳಿದ. ಪಗಾರದ ಆಸೆ ಬಿಡದ ಮುನಾಫ, "ಇಂಜಿನ್ನಾ? ಹುಲಿ ಐತ್ರಿ, ಹುಲಿ! ಹೊಟ್ಟಿಗಿಲ್ಲದ ಮಲಗೇತಿ" ಎಂದ.

"ಅಕ್ಕಾರ, ನನ್ನ ಬಾಕಿ ಬಿಟ್ಟೆ. ಗಾಡಿ ಕೊಡ್ರಿ."

"ಇಲ್ರಿ."

"ಮುನಾಫನ ಪಗಾರಾ ನಾ ಕೊಡ್ತೇನಿ. ನೌಕರೀನೂ ಕೊಡ್ತೇನಿ."

ಗೋಪಿಕಾಬಾಯಿ ಅಕ್ಕಿಯನ್ನು ಒಂದು ಸಲ ಕೇರಿದಳು. "ಅವ ಒಳ್ಳೆಂವ ಇದ್ದಾನ, ಪಾಪ. ಆದರ ಇಲ್ರಿ."

"ಮ್ಯಾಲೆ ನೂರು ರೂಪಾಯಿ!"

ದೇವರ ಕೋಣೆಯಲ್ಲಿ ಜಪ ನಿಂತಿತು. ನೂರು ಎಂಬ ಶಬ್ದ ರಾಯರ ಕಿವಿಗೆ ಬಿದ್ದು, ಅವರ ಎದೆಯಲ್ಲಿ ಮಲಗಿದ್ದ ಮಾಲಕ ಧಿಗ್ಗನೆ ಎದ್ದು ಕೂತಿದ್ದ. ಗೌಸಸಾಬನಂಥವನು ಮೇಲೆ ಬಿದ್ದು ಕೇಳುತ್ತಾನೆಂದರೆ ಕಂಪನಿ ಏರಲಿದೆ! ಅವರು ಜಪಮಾಲೆ ಕೈಯಲ್ಲಿ ಹಿಡಿದೇ ಹೊರಗೆ ಓಡಿ ಬಂದರು.

"ಮಾರಬ್ಯಾಡ! ಏನ ಆದ್ರೂ ಮಾರಬ್ಯಾಡ! ಇನ್ನ ಏರ್ತದ ಅದು!"

ಅವರ ಮೋರೆಯಲ್ಲಿ ಕಪಟದ ಲವಲೇಶವಿರಲಿಲ್ಲ. ಗೌಸಸಾಬ ಅದನ್ನು ನೋಡಿದ. ಅವನ ಸಂಶಯ ಪೂರ್ತಿ ಹೋಯಿತು. "ನೂರಾ ಐವತ್ತು!" ಎಂದ. "ಇಲ್ಲ!" ಎಂದರು ರಾಯರು. "ಎರಡನೂರು!" "ಆಗೂದಿಲ್ಲ!"

ಗಂಡ ಒಂದು ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿದ್ದನ್ನು ಗೋಪಿಕಾಬಾಯಿ ಅದುವರೆಗೆ ಕಂಡಿರಲಿಲ್ಲ. ಆದರೆ ಎಲ್ಲಿ ನಿಲ್ಲಿಸಬೇಕೆಂಬುದು ಅವರಿಗೆ ತಿಳಿಯುವುದಿಲ್ಲವೆಂದೂ ಅವಳಿಗೆ ಗೊತ್ತಿತ್ತು. ಮೊರ ಕೆಳಗಿಟ್ಟು, ಒಳಗೆ ಹೋಗಿ, ಎರಡು ಕೊಡ ತಂದು ಅವರ ಕೈಗೆ ಕೊಟ್ಟಳು.

"ಮನ್ಯಾಗ ಹನಿ ನೀರಿಲ್ಲ. ಬಂದವರಿಗೆ ಚಹಾ ಆಗಬೇಕು. ಲಗೂ ಹೋಗಿ ಬರ್ರಿ. ನೀವು ಬರೋತನಕಾ ಇವರು ಕೂತಿರ್ತಾರ."

ರಾಯರು ಗೌಸಸಾಬನ ಕಡೆಗೊಂದು ವಿಜಯದ ನೋಟ ಬೀರಿ ಕೆರೆಗೆ ಹೋದರು. ಅಂದು ಮೋರೆಗೆ ಪಂಚೆ ಸುತ್ತಿಕೊಳ್ಳಲಿಲ್ಲ. ದಂಡೆಯಲ್ಲಿ ಬಟ್ಟೆ ಒಗೆಯುವವರಿಗೂ ಎಮ್ಮೆ ಮೀಯಿಸುವವರಿಗೂ ಸವಣೂರಿನವರು ಎಷ್ಟಕ್ಕೆ ಕೇಳಿದರು, ತಾವು ಹೇಗೆ ಜಗ್ಗಲಿಲ್ಲ ಎಂಬುದನ್ನು ವಿಸ್ತಾರವಾಗಿ ಹೇಳಿದರು. ಅದರಿಂದ ಸ್ವಲ್ಪ ತಡವಾಯಿತು.

ಕೊಡ ಹೊತ್ತು ಓಣಿಗೆ ತಿರುಗಿದಾಗ ಅವರಿಗೆ ದಾರಿ ತಪ್ಪಿದೆನೇನೋ ಎನಿಸಿತು. ಓಣಿ ಅಗಲವಾಗಿ, ಬೆಳಕಾಗಿ ಕಾಣುತ್ತಿತ್ತು. ಯಮುನಾಬಾಯಿಯ ಮುಂಬಾಗಿಲು ತೆರೆದಿತ್ತು. ಬಸ್ಸು ನಿಂತ ಜಾಗದಲ್ಲಿ ಎಣ್ಣೆಯ ಕಲೆ ಮತ್ತು ಒಂದು ಬೊಗಸೆ ಇದ್ದಲಿಯ ಪುಡಿ ಇತ್ತು. ಪೇಟೆಯಲ್ಲಿ ಸಿಕ್ಕ ಮೂರು ಜೋಡಿ ಎತ್ತು ಹೂಡಿಸಿ ಗೌಸಸಾಬ ಗಾಡಿಯನ್ನು ಎಳೆಸಿಕೊಂಡು ಹೋಗಿದ್ದ. ರಾಯರು ಬಂದು ಮಾತು ಮುರಿದಾರೆಂಬ ಭಯದಿಂದ ಎತ್ತುಗಳನ್ನು ಓಡಿಸಿದನಂತೆ. ಆ ಬಸ್ಸು ಅಷ್ಟು ಜೋರಾಗಿ ಓಡಿದ್ದನ್ನು ತಾವು ಅದುವರೆಗೆ ನೋಡಿರಲಿಲ್ಲವೆಂದು ನೋಡಿದವರು ಹೇಳುತ್ತಾರೆ. ನೂರಾ ಹದಿನೈದೂ ಕಾಗದಗಳನ್ನು, ಶಿಕ್ಕಾವನ್ನು, ಪಂಖದ ಹ್ಯಾಂಡಲ್ಲನ್ನು ಗೋಪಿಕಾಬಾಯಿ ಎಣಿಸಿ ಅವನ ಟಾಂಗಾದಲ್ಲಿ ಇಡಿಸಿದ್ದಳು.

"ಎಷ್ಟಕ್ಕ?" ಎಂದರು ರಾಯರು, ಕೊಡ ಇಳಿಸುವುದನ್ನೂ ಮರೆತು.

"ಎರಡನೂರಾ ಇಪ್ಪತ್ತೈದು. ಬಾಕಿ ಮಾಫ್. ಮುನಾಫಗ ನೌಕರಿ. ಯಮುನಾಬಾಯಿಗೆ ಸೀರಿ."

"ಒಂದ ವಾರಾ ತಡದಿದ್ರ..."

"ಕೊಡಾ ಇಳಿಸ್ರಿ. ನೀರ ತುಳುಕಾಡಲಿಕ್ಕತ್ತದ."

ಆ ಬೇಸಿಗೆಯಲ್ಲೇ ಹಿತ್ತಿಲಲ್ಲಿ ಭಾವಿ ಆಯಿತು. ನೀರು ಸಿಹಿಯಾಗಿ ಬಂತು. ಹೊಸ ಸೀರೆ ಉಟ್ಟ ಯಮುನಾಬಾಯಿ ಬಗ್ಗಿ ನೋಡಿ, ತನ್ನ ಭಾವಿಗೆ ಹೋಗಿ ಬಗ್ಗಿ ನೋಡಿ, ತಿರುಗಿ ಬಂದು ಅಂದಳು: "ವೈನಿ, ನಿಮ್ಮ ಭಾವಿ ನಮ್ಮ ಭಾವೀ ನೀರ ಕುಡೀಲಿಕ್ಕತ್ತದ!"

ಗೌಸಸಾಬನೂ ಮುಳುಗಲಿಲ್ಲ. ಮೊದಲು ಒಂದು ತಿಂಗಳು ಮಿಲಿಟರಿಯವರ ದಾರಿ ಕಾದ. ಯಾರೂ ಬರಲಿಲ್ಲ. ಆಮೇಲೆ ಸಿಟ್ಟಿನಿಂದ ಇಂಜಿನ್ನು ಬಿಚ್ಚಿಸಿ, ಕಮ್ಮಾರನಿಂದ ಡ್ರಮ್ಮಿಗೆ ತೇಪೆ ಹಾಕಿಸಿ, ಎರಡನ್ನೂ ಕೂಡಿಸಿ ಎಲೆಬಳ್ಳಿಯ ತೋಟದವರಿಗೆ ನೀರೆತ್ತಲು ತಾಸಿನ ಬಾಡಿಗೆಗೆ ಕೊಡತೊಡಗಿದ. ಏರೂ ಇಲ್ಲ, ಇಳಿಜಾರೂ ಇಲ್ಲ. ಒಂದೇ ಕಡೆ ನಿಂತು ದುಡಿಯುವ ಕೆಲಸ ಆ ಇಂಜಿನ್ನಿಗೆ ಒಗ್ಗಿತು. ಮುನಾಫ ಅದನ್ನು ನಡೆಸುತ್ತಿದ್ದ. ವರ್ಷ ತುಂಬುವುದರೊಳಗೆ ಗೌಸಸಾಬ ಅಂಥವೇ ಇನ್ನೂ ಎರಡು ಇಂಜಿನ್ನು ಕೂಡಿಸಿದನೆಂಬ ಸುದ್ದಿ ಹಾನಗಲ್ಲಿಗೆ ಬಂತು.

ಸುದ್ದಿ ಬಂದ ದಿನ ರಾಯರು ಕಚೇರಿಯ ಎದುರಿನ ಕಟ್ಟೆಯ ಮೇಲೆ ಪೆನ್ಶನ್ನಿನವರ ನಡುವೆ ಕುಳಿತಿದ್ದರು. ಕಣ್ಣು ಅರ್ಧ ಮುಚ್ಚಿ, ತಲೆಯಾಡಿಸಿದರು.

"ನಾ ಮೊದಲ ಹೇಳಿದ್ದೆ. ಆ ಕಂಪನಿ ಏರ್ತದಂತ ಈ ತಾಲೂಕಿನ್ಯಾಗ ತಿಳಿದಾಂವ ನಾ ಒಬ್ಬನ."

"ಹಂಗಿದ್ರ ಯಾಕ ಮಾರಿದ್ರಿ ರಾಯರ?" ಎಂದು ಒಬ್ಬರು ಕೇಳಿದರು.

ರಾಯರು ನೊಂದ ದೃಷ್ಟಿಯಿಂದ ಅವರನ್ನು ನೋಡಿದರು.

"ನಾ ಎಲ್ಲೆ ಮಾರಿದ್ನ್ರೀ?" ಎಂದರು. "ನಾ ನೀರಿಗೆ ಹೋಗಿದ್ದೆ!"